ವಿಮಾನಕ್ಕೊಂದು ಹೊರೆ ಹುಲ್ಲು

ಒಂದೂರಲ್ಲಿ ಸಾಕವ್ವ ಅಂತ ಇದ್ಲು. ಆಕೆಗೊಬ್ಬ ಮಗ, ಅಂಕಪ್ಪ. ಹೇಳಿದ ಮಾತು ಒಂದೂ ಮೀರ್ತಿರಲಿಲ್ಲ. ಅದೇ ಅವ್ವನ ತಲೆನೋವು!

ಅಂಕಪ್ಪನ ತಂಗಿ ದೇವೀರಿನ ಡೆಲ್ಲಿಗೆ ಕೊಟ್ಟಿದ್ರು. ಅವಳ ಕೂಸಿಗೆ ಕಿವಿ ಚುಚ್ಚಬೇಕು. ಸೋದರಮಾವನ ತೊಡೆ ಮೇಲೆ ಕೂರಿಸ್ದೆ ಚುಚ್ಚಂಗಿಲ್ಲ. ಅವ್ವ ಜೊತೆಗೆ ಹೋಗೋಣ ಅಂದ್ರೆ ಎಮ್ಮೆ ಈಯೋ ಹಂಗಿತ್ತು. ಅಳಿಯ ಅಂಕಪ್ಪನಿಗೆ ವಿಮಾನದ ಟಿಕೆಟ್ ಕಳಿಸಿದ.

"ಲೋ ಅಂಕ, ನೀನು ಹೋಗ್ಲಿಲ್ಲ ಅಂದ್ರೆ ನಿನ್ ತಂಗಿ ನೆಂಟ್ರ ಮುಂದೆ ತಲೆ ತಗ್ಗಿಸ್ಬೇಕು ಕಣೋ. ಡೆಲ್ಲಿಗೆ ಎಷ್ಟೊತ್ತು ಹಿಡೀತದೆ, ಮೇಷ್ಟ್ರನ್ನ ಕೇಳ್ಕೊಂಡು ಹೊರಡು" ಅಂದ್ಲು ಅವ್ವ.

ಕೇಳ್ದ. "ಎರಡೂಮುಕ್ಕಾಲು ಗಂಟೆ ಕಣಪ್ಪ" ಅಂದ್ರು ಮೇಷ್ಟ್ರು.

"ಇಷ್ಟೇನಾ! ಸಂತೆಗೂ ಗಾಡೀಲಿ ಅಷ್ಟೇ ಹೊತ್ತು!"

ಗಾಡಿ ಕಟ್ದ. ಸಂತೇಲಿ ಇಳ್ದ. ಕುರಿ ಮಾರೋರನ್ನ ಕೇಳ್ದ, ಬಳೆ ಮಾರೋರನ್ನ ಕೇಳ್ದ: "ನಮ್ ದೇವೀರಿ ಮನೆ ಎಲ್ಲಿ?" ಸಂಜೆಗೆ ವಾಪಸ್ ಬಂದ. "ಅವ್ವಾ, ಡೆಲ್ಲೀಲಿ ಎಲ್ಲಾ ನಮ್ಮೋರೇ ಅವ್ರೆ ಕಣವ್ವ. ದೇವೀರಿ ಒಬ್ಳೇ ಸಿಗ್ಲಿಲ್ಲ!"

ಅವ್ವ ಹಣೆ ಚಚ್ಕೊಂಡ್ಲು. "ಅದು ವಿಮಾನದ ಹೊತ್ತು ಕಣೋ ಪೆದ್ದ! ಹೊತ್ತು ನೋಡ್ಬ್ಯಾಡ, ದೂರ ನೋಡಿ ಹೊರಡು!"

"ಆಗ್ಲಿ ಕಣವ್ವ."

ದೂರ ಕೇಳ್ದ. "ಸಾವಿರದೇಳ್ನೂರು ಕಿಲೋಮೀಟರ್" ಅಂದ್ರು ಮೇಷ್ಟ್ರು. "ಅಬ್ಬಬ್ಬಾ, ಅಷ್ಟು ದೂರಾನಾ!" ಅಂದ ಅಂಕಪ್ಪ. ಬಸ್ ಹತ್ತಿ ಬೆಂಗ್ಳೂರು ವಿಮಾನ ನಿಲ್ದಾಣಕ್ಕೆ ಬಂದ, ತಲೆ ಮೇಲೊಂದು ಹೊರೆ ಹೊತ್ಕೊಂಡು.

"ಏನ್ರೀ ಇದು?" ಅಂದ ಬಾಗಿಲು ಕಾಯೋನು.

"ಹುಲ್ಲು."

"ಯಾರಿಗ್ರೀ ಹುಲ್ಲು?"

"ವಿಮಾನಕ್ಕೆ! ಪಾಪ, ಅಷ್ಟು ದೂರ ಎಳೀತದೆ. ಹೊಟ್ಟೆ ಹಸಿಯಲ್ವಾ?"

ಸುದ್ದಿ ಫೋನಲ್ಲಿ ಅವ್ವನಿಗೆ ಹೋಯ್ತು. "ಲೋ, ಬಿಸಾಕೋ ಅದನ್ನ! ಇನ್ಮೇಲೆ ನಿನ್ ಬುದ್ಧಿ ಓಡಿಸ್ಬ್ಯಾಡ. ವಿಮಾನದೋರು ಹೇಳ್ದಂಗೆ ಕೇಳು!"

"ಆಗ್ಲಿ ಕಣವ್ವ."

ವಿಮಾನದ ಹುಡುಗಿ ಅಂದ್ಲು, "ಸಾರ್, ಸೊಂಟಕ್ಕೆ ಪಟ್ಟಿ ಹಾಕ್ಕೊಳ್ಳಿ. ಮೇಲಿನ ದೀಪ ಆರಿದ ಮೇಲೆ ಏಳಿ."

ಹಾಕ್ಕೊಂಡ. ವಿಮಾನ ಮೋಡ ದಾಟ್ತು, ದೀಪ ಆರ್ತು. ಅಂಕಪ್ಪ ಎದ್ದು ಬಾಗಿಲ ಹತ್ರ ಹೋಗಿ ನಿಂತ. "ಬಾಗ್ಲು ತೆಗೀರವ್ವ, ಇಳೀತೀನಿ!"

"ಅಯ್ಯೋ ಕೂತ್ಕೊಳ್ಳಿ ಸಾರ್! ಡೆಲ್ಲಿ ಬರ್ಬೇಕು. ಡೆಲ್ಲೀಲಿ ದೀಪ ಆರಿದ ಮೇಲೇನೇ ಏಳ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ."

ಅಂತೂ ಡೆಲ್ಲಿ ಸೇರ್ದ. ಅಳಿಯ ಬಂದು ಮನೆಗೆ ಕರ್ಕೊಂಡೋದ. ಮನೆ ತುಂಬ ನೆಂಟ್ರು. ದೇವ್ರ ಮುಂದೆ ದೀಪ ಹಚ್ಚಿ, ಮಣೆ ಹಾಕಿ, ಅಂಕಪ್ಪನ ತೊಡೆ ಮೇಲೆ ಕೂಸನ್ನ ಕೂರಿಸಿದ್ರು. ಅಂಕಪ್ಪ ಹೆಗಲ ಮೇಲಿನ ಟವೆಲ್ ತಗೊಂಡು ತನ್ನ ಸೊಂಟಕ್ಕೂ ಕೂಸಿಗೂ ಸೇರಿಸಿ ಕಟ್ಟಿದ. ಕಿವಿ ಚುಚ್ಚಿದ್ರು. ಕೂಸು ಕಿರ್ರಂತ ಅತ್ತು, ಮಾವನ ಎದೆಗೆ ಮೊಕ ಒತ್ತಿ ನಿದ್ದೆ ಹೋಯ್ತು. ಹುಟ್ಟಿದಾಗಿನಿಂದ ಯಾರನ್ನೂ ಮಲಗೋಕೆ ಬಿಡದ ಕೂಸು!

ನೆಂಟ್ರು ಉಂಡ್ರು. ಎಲೆ ಅಡಿಕೆ ಹಾಕ್ಕೊಂಡು ಹೊರಟೂ ಹೋದ್ರು.

"ಅಣ್ಣಯ್ಯ, ಏಳು ಊಟಕ್ಕೆ."

"ದೀಪ ಆರಿಲ್ವಲ್ಲ!"

ದೇವ್ರ ದೀಪ ಯಾರು ಆರಿಸ್ತಾರೆ? ದೇವೀರಿ ಅವ್ವನಿಗೆ ಫೋನ್ ಮಾಡಿ ಅವನ ಕಿವಿಗಿಟ್ಲು.

"ಏಳೋ ಪೆದ್ದ!"

"ಏಳಂಗಿಲ್ಲ ಕಣವ್ವ. ಎಣ್ಣೆ ಇನ್ನೂ ಐತೆ."

ದೇವೀರಿ ಕೂಸಿನ ಮೊಕ ನೋಡಿದ್ಲು. ಅಣ್ಣನ ಮೊಕ ನೋಡಿದ್ಲು. ಸದ್ದಿಲ್ದಂಗೆ ಒಳಗೋಗಿ ಎಣ್ಣೆ ತಂದು ದೀಪದ ತುಂಬ ಹುಯ್ದು, ಚಾಪೆ ಹಾಸ್ಕೊಂಡು ತಾನೂ ಮಲಗಿದ್ಲು.

ಅಂಕಪ್ಪ ಟವೆಲ್ ಗಂಟು ಬಿಗಿ ಮಾಡಿ ಕೂಸಿನ ಕಿವೀಲಿ ಮೆಲ್ಲಗಂದ:

"ಅಲ್ಲಾಡ್ಬ್ಯಾಡ ಕಂದಾ, ಇನ್ನೂ ಇಳಿದಿಲ್ಲ!"