ದಕ್ಷಿಣಕ್ಕೆ ಮುಖ ಮಾಡಿದ ಫಲಕಗಳು

“ಗುರುಗಳೇ, ತಪ್ಪು ಮಾಡಿದವನು ಮನಸ್ಸಿನಲ್ಲೇ ನಾಚಿಕೊಂಡರೆ ಸಾಲದೇ? ಬಾಯಿಬಿಟ್ಟು ಹೇಳಲೇಬೇಕೇ?” ಎಂದು ಶಿಷ್ಯ ಕೇಳಿದ.

ಅಂದು ಮಠದ ಪಾಯಸ ಉಪ್ಪುಪ್ಪಾಗಿತ್ತು. ಅಡುಗೆಯ ಕೊಟ್ರಯ್ಯನಿಗೆ ವಯಸ್ಸಾಯಿತು, ಇನ್ನು ಅವನು ಬೇಡ ಎಂದು ಹಿರಿಯರು ಹೇಳಿ ಆಗಿತ್ತು. ತಮಾಷೆಗೆಂದು ಉಪ್ಪು ಸುರಿದವರು ಯಾರೆಂಬುದು ತನಗೊಬ್ಬನಿಗೇ ಗೊತ್ತು ಎಂದು ಶಿಷ್ಯ ತಿಳಿದಿದ್ದ.

ಗುರುಗಳು ಒಂದು ಕತೆ ಹೇಳಿದರು.

ನಮ್ಮ ಕಡೆಯ ಒಬ್ಬ ಹುಡುಗ ಹೊಟ್ಟೆಪಾಡಿಗೆಂದು ಭೂಮಿಯ ದಕ್ಷಿಣದ ತುದಿಯ ದೇಶವೊಂದಕ್ಕೆ ಹೋದ. ಅಲ್ಲಿ ಸೋಲಾರ್ ಫಲಕ ಕೂರಿಸುವ ಕೆಲಸ ಕಲಿಯಲು ಸೇರಿದ. ಮೇಷ್ಟ್ರು ಪಾಠ ಶುರು ಮಾಡಿದರೆ ಇವನು ಪಕ್ಕದವರನ್ನು ನಗಿಸುತ್ತ ಕೂರುತ್ತಿದ್ದ. “ಬಿಸಿಲಿನ ಪಾಠ ನನಗಾ? ನಮ್ಮೂರ ಬಿಸಿಲಿಗೆ ತಂದು ನಿಲ್ಲಿಸಿದರೆ ಈ ಮೇಷ್ಟ್ರು ಹಪ್ಪಳ ಆಗಿಬಿಡ್ತಾರೆ” ಎನ್ನುತ್ತಿದ್ದ.

ಒಂದು ದಿನ ಮೇಷ್ಟ್ರು ಇವನಿಗೂ ಇನ್ನೊಬ್ಬನಿಗೂ ಸೇರಿಸಿ ಒಂದು ಚಾವಣಿಯ ಕೆಲಸ ಒಪ್ಪಿಸಿದರು. ಆ ಇನ್ನೊಬ್ಬ ಎಲ್ಲಿಯದೋ ಯುದ್ಧದಿಂದ ಓಡಿಬಂದವನು. ವಯಸ್ಸಿನಲ್ಲಿ ಹಿರಿಯ. ಆ ದೇಶದ ಮಾತು ಅವನ ನಾಲಿಗೆಗೆ ಇನ್ನೂ ಹತ್ತಿರಲಿಲ್ಲ. ಹುಡುಗ ತನ್ನೂರಿನ ಅಭ್ಯಾಸದಂತೆ ಫಲಕಗಳನ್ನೆಲ್ಲ ದಕ್ಷಿಣಕ್ಕೆ ಮುಖ ಮಾಡಿಸಿದ. ಹಿರಿಯ ಉತ್ತರದ ಕಡೆ ಕೈ ತೋರಿಸಿ ಏನೋ ತೊದಲಿದ. “ಸುಮ್ನೆ ಹಿಡ್ಕೊ ಮಾರಾಯ” ಎಂದು ಇವನು ಬೋಲ್ಟು ಬಿಗಿದ.

ನಮ್ಮಲ್ಲಿ ಸೂರ್ಯ ವರ್ಷದಲ್ಲಿ ಹೆಚ್ಚು ಕಾಲ ದಕ್ಷಿಣಕ್ಕೆ ವಾಲಿ ನಡೆಯುತ್ತಾನೆ. ಆ ದೇಶದಲ್ಲಿ ಅವನ ದಾರಿ ಉತ್ತರಕ್ಕೆ. ಮಧ್ಯಾಹ್ನ ಮೇಷ್ಟ್ರು ಬಂದು ನೋಡಿದರೆ, ಫಲಕಗಳೆಲ್ಲ ಸೂರ್ಯನಿಗೆ ಬೆನ್ನು ಹಾಕಿ ಮುನಿಸಿಕೊಂಡ ಬೀಗರ ಹಾಗೆ ಕೂತಿದ್ದವು.

“ಯಾರ ಬುದ್ಧಿ ಇದು?” ಎಂದರು.

ಹುಡುಗನ ಕಣ್ಣು ಹಿರಿಯನ ಕಡೆ ಹೊರಳಿತು. ಅಷ್ಟೇ ಸಾಕಾಯಿತು. ಹಿರಿಯನಿಗೆ ತನ್ನ ಪರ ಹೇಳಿಕೊಳ್ಳಲು ಮಾತು ಸಿಗಲಿಲ್ಲ. ಅವನನ್ನು ತರಗತಿಯಿಂದ ತೆಗೆದು, ಅಂಗಳದಲ್ಲಿ ಫಲಕ ಒರೆಸುವ ಕೆಲಸಕ್ಕೆ ಹಾಕಿದರು.

ಅಂದಿನಿಂದ ಹುಡುಗನಿಗೆ ಅನ್ನ ಸೇರಲಿಲ್ಲ. ಹಿರಿಯನ ಮುಖ ನೋಡಲಾರದೆ ಹಿಂದಿನ ಗೇಟಿನಿಂದ ಬರತೊಡಗಿದ. ದಿನಾ ಬೆಳಿಗ್ಗೆ ಆ ಗೇಟಿನ ಹತ್ತಿರ ನಿಂತು ಸೂರ್ಯನಿಗೆ ಕೈ ಮುಗಿಯುತ್ತಿದ್ದ. ತಪ್ಪಾಯಿತಪ್ಪಾ ಎಂದು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದ. ಬಡಿದುಕೊಂಡು ಒಳಗೆ ಹೋಗಿ ಪಾಠಕ್ಕೆ ಕೂರುತ್ತಿದ್ದ.

ಒಂದು ಬೆಳಿಗ್ಗೆ ಕಣ್ಣು ತೆರೆದರೆ, ಹಿರಿಯ ಒದ್ದೆ ಬಟ್ಟೆ ಹಿಡಿದು ಎದುರಿಗೇ ನಿಂತಿದ್ದ. ಅಷ್ಟರಲ್ಲಿ ಅವನೂ ನಾಲ್ಕು ಮಾತು ಕಲಿತಿದ್ದ.

“ತಮ್ಮಾ, ಸೂರ್ಯ ಅವತ್ತೇ ನೋಡಿದ್ದಾನೆ. ಮೇಷ್ಟ್ರು ನೋಡಿಲ್ಲ” ಎಂದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. “ಆಮೇಲೆ ಆ ಹುಡುಗ ಮೇಷ್ಟ್ರಿಗೆ ಹೇಳಿದನೇ ಗುರುಗಳೇ?” ಎಂದು ಶಿಷ್ಯ ಕೇಳಿದ.

“ನನಗೇನು ಗೊತ್ತಪ್ಪಾ, ಕೊಟ್ರಯ್ಯ ಇನ್ನೂ ಗಂಟು ಕಟ್ಟುತ್ತಿದ್ದಾನೆ.”