ಸ್ವಿಚ್ಚಿನೊಳಗಿನ ಅಳತೆಪೆಟ್ಟಿಗೆ

“ಗುರುಗಳೇ, ಮಗಳೂ ಅಳಿಯನೂ ಚೆನ್ನಾಗಿರಲಿ ಎಂದು ದಿನಾ ಅವರ ಮನೆಗೇ ಹೋಗಿ ಇಬ್ಬರನ್ನೂ ವಿಚಾರಿಸುತ್ತೇನೆ. ಆದರೂ ಅವರು ದೂರವಾಗುತ್ತಿದ್ದಾರೆ. ನಾನು ಇನ್ನೇನು ಮಾಡಲಿ?”

ಶಿಷ್ಯ ಇದನ್ನು ಕೇಳುತ್ತಿರುವುದು ಮೊದಲ ಸಲವೇನಲ್ಲ. ಸನ್ಯಾಸಕ್ಕೆ ಮುಂಚೆ ಬೆಳಕಿನ ಪ್ರಯೋಗಶಾಲೆಯಲ್ಲಿ ದುಡಿದಿದ್ದ ಗುರುಗಳಿಗೆ ಬಿಡಿಸಿ ಹೇಳಿ ಹೇಳಿ ಸಾಕಾಗಿತ್ತು. ತಲೆಚಿಟ್ಟು ಹಿಡಿದು ಕತೆ ಶುರುಮಾಡಿದರು.

ಒಬ್ಬ ಇಂಜಿನಿಯರ್ ಇದ್ದ. ಎರಡು ಊರುಗಳನ್ನು ಸೇರಿಸುವ ಕ್ವಾಂಟಮ್ ಜಾಲದಲ್ಲಿ ಬೆಳಕಿನ ಸ್ವಿಚ್ ನೋಡಿಕೊಳ್ಳುವುದು ಅವನ ಕೆಲಸ. ಅಲ್ಲಿ ಬೆಳಕಿನ ಕಣಗಳು ಜೋಡಿಯಾಗಿ ಹುಟ್ಟುತ್ತವೆ. ಒಂದು ಈ ಊರಿಗೆ, ಇನ್ನೊಂದು ಆ ಊರಿಗೆ. ಎಷ್ಟು ದೂರ ಹೋದರೂ ಅವುಗಳ ನಂಟು ಉಳಿಯುತ್ತದೆ. ದಾರಿಯಲ್ಲಿ ಯಾರಾದರೂ ತಡೆದು ಅಳೆದರೆ ಮಾತ್ರ ಆ ನಂಟು ಅಲ್ಲಿಗೇ ಕಡಿದುಹೋಯಿತು. ಸ್ವಿಚ್ಚಿನದು ಪುಟ್ಟ ಕನ್ನಡಿ ವಾಲಿಸಿ ಕಣವನ್ನು ಸರಿಯಾದ ಫೈಬರ್ ಎಳೆಗೆ ದಾಟಿಸುವ ಕೆಲಸ. ಹೇಗಿದ್ದೀಯ ಎಂದು ಅದು ಕಣವನ್ನು ಕೇಳುವಂತಿಲ್ಲ.

ಈ ಪುಣ್ಯಾತ್ಮನಿಗೆ ಜೀವ ತಡೆಯಲಿಲ್ಲ. ನಂಟು ಕೆಡದಿರಲಿ ಎಂದು ಸ್ವಿಚ್ಚಿನೊಳಗೇ ಒಂದು ಅಳತೆಪೆಟ್ಟಿಗೆ ಕೂರಿಸಿದ. ಪ್ರತಿಯೊಂದು ಕಣವನ್ನೂ ಅಳೆದೇ ಮುಂದೆ ಬಿಟ್ಟ. ಬಂದ ಕಣಗಳಲ್ಲಿ ನಂಟೇ ಇಲ್ಲ ಎಂದು ಎರಡೂ ಊರಿನಿಂದ ದೂರು ಬಂತು. ಅವನು ಕನ್ನಡಿ ಬದಲಿಸಿದ. ಎಳೆ ಬದಲಿಸಿದ. ಆಮೇಲೆ ಇನ್ನೊಂದು ಪೆಟ್ಟಿಗೆ ಕೂರಿಸಿದ. ಇಂಥವರಿಗೆ ಏನು ಹೇಳುವುದು?

ಮೇಲಧಿಕಾರಿ ಬಂದು ನೋಡಿ ತಲೆ ಚಚ್ಚಿಕೊಂಡರು. ಇನ್ನೂ ಸರಿಹೋಗದಿದ್ದರೆ ಜಾಲವನ್ನೇ ಮುಚ್ಚುತ್ತಾರೆ, ಮೊದಲು ಆ ಪೆಟ್ಟಿಗೆಗಳನ್ನು ತೆಗೆ ಎಂದರು.

“ಮೇಡಂ, ನೋಡದೇ ಕಳಿಸಿದರೆ ಸರಿಯಾಗಿ ಹೋಯಿತೋ ಇಲ್ಲವೋ ನನಗೆ ಗೊತ್ತಾಗುವುದು ಹೇಗೆ?”

“ಕಣ ಬಂದು ಸೇರಿದ ಮೇಲೆ ಎರಡು ಕಡೆಯವರೂ ಅಳೆದು, ತಾವೇ ಹೋಲಿಸಿ ನೋಡಿಕೊಳ್ಳುತ್ತಾರೆ. ನಿನಗೆ ಗೊತ್ತಾಗಬೇಕಾಗಿಲ್ಲ ಕಣಪ್ಪ.”

ಅವನು ಆಗಲಿ ಎಂದು ತಲೆಯಾಡಿಸಿದ. ಅವರು ಅತ್ತ ಹೋದದ್ದೇ ತಡ, ಹಳೆಯವನ್ನು ತೆಗೆದು ಇನ್ನೂ ಸೂಕ್ಷ್ಮವಾದ ಪೆಟ್ಟಿಗೆಯೊಂದನ್ನು ಕೂರಿಸಿದ. ಜಾಲ ಮುಚ್ಚಿತು. ತಾನು ಎಷ್ಟು ಜೋಪಾನ ಮಾಡಿದೆ ಎಂದು ಈಗಲೂ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುತ್ತಾನೆ.

ಕತೆ ಕೇಳಿ ಶಿಷ್ಯನಿಗೆ ಸಿಟ್ಟೇ ಬಂತು. ಅಷ್ಟು ಬಿಡಿಸಿ ಹೇಳಿದರೂ ತಿಳಿಯದ ದಡ್ಡ, ತಾನಾಗಿದ್ದರೆ ಆ ಕ್ಷಣವೇ ಪೆಟ್ಟಿಗೆ ಕಿತ್ತು ಆ ಮೇಡಂ ಕೈಗೆ ಕೊಡುತ್ತಿದ್ದೆ ಎಂದ.

ಗುರುಗಳು ಕೈ ಚಾಚಿದರು. “ಹಾಗಾದರೆ ನಿನ್ನ ಜೇಬಿನಲ್ಲಿರುವ ಮಗಳ ಮನೆಯ ಬೀಗದ ಕೈ ಇಲ್ಲಿ ಕೊಡು.”