ಕಂಪನಿ ದಿಬ್ಬ ಮತ್ತು ನೀಲವ್ವನ ಡಾಬು

೧೯೬೩ರ ಮಾರ್ಚ್ ೧೪ರ ನನ್ನ ದಿನಚರಿಯಲ್ಲಿ ಹೀಗಿದೆ: ‘ಅತ್ತೆಯವರೊಡನೆ ಕಂಪನಿ ದಿಬ್ಬಕ್ಕೆ ಹೋಗಿದ್ದೆ. ಹೆಸರಿನ ಕಥೆ ಕೇಳಿ ಬರೆದುಕೊಂಡೆ.’ ಮುದೇನಕೊಪ್ಪದ ಪಡುವಣಕ್ಕೆ, ಹತ್ತಿ ಹೊಲಗಳ ನಡುವೆ ಎದ್ದ ಈ ಕಲ್ಲುದಿಬ್ಬದ ಮೇಲೆ ಇಂದು ಕಟ್ಟಡವೇನೂ ಇಲ್ಲ. ಬಂಡೆಯಲ್ಲಿ ಕೊರೆದ ಕಂಬದ ಕುಳಿಗಳಿವೆ, ಗೇಣುದ್ದದ ಒಂದು ಗಣಪತಿ ಇದೆ.

ಹಿಂದೆ ಒಮ್ಮೆ ಈ ಊರಿಗೆ ಬಯಲಾಟವೊಂದೇ ಗೊತ್ತಿತ್ತು. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ರಾಣಿಯ ವೇಷಕ್ಕೆ ಗೌಡರ ಮನೆಯ ಬಂಗಾರವೇ ಆಗಬೇಕು, ಕೊಡುವುದೇ ಆ ಮನೆತನದ ಮರ್ಯಾದೆ ಎನ್ನುತ್ತಾರೆ. ಹಾಗಿರುವಾಗ ವೆಂಕೋಬರಾಯ ಎಂಬವನು ಪರದೆ, ಪೆಟ್ಟಿಗೆ, ನಟರೊಂದಿಗೆ ಬಂದು ದಿಬ್ಬದ ಮೇಲೆ ತಗಡಿನ ಗೋಡೆ ಎಬ್ಬಿಸಿದ. ವ್ಯಾಪಾರದವರಂತೆ ಬಂಡವಾಳ ಹೂಡಿ, ಟಿಕೀಟು ಮಾರಿ, ನಟರಿಗೆ ಸಂಬಳ ಕೊಡುವ ಮಂಡಳಿಯಾದ್ದರಿಂದ ಅದು ಕಂಪನಿ. ಅದು ಆಡುವುದು ಕಂಪನಿ ನಾಟಕ. ಊರಿಗೆ ಇದು ರುಚಿಸಲಿಲ್ಲ. “ಆಟ ಆಡಾವ್ರಿಗೆ ಗ್ವಾಡಿ ಯಾಕ ಬೇಕು? ಮುಚ್ಚಿಡೂದು ಏನೈತಿ?” ಎಂದಳು ಗೌಡಸಾನಿ ನೀಲವ್ವ. ಆದರೂ ಮನೆತನದ ಮರ್ಯಾದೆ ಬಿಡಲಾರದೆ, ತಾಯಿ ಸಾಯುವಾಗ ಸೊಂಟದಿಂದ ಬಿಚ್ಚಿಕೊಟ್ಟ ಬಂಗಾರದ ಡಾಬನ್ನು ರಾಣಿಯ ವೇಷಕ್ಕೆಂದು ಕಳಿಸಿದಳು. ಬೇಡವೆಂದರೆ ಗೌಡರ ಮನೆಗೆ ಅವಮಾನವಾದೀತೆಂದು ಅಂಜಿ ವೆಂಕೋಬರಾಯ ಕೈಮುಗಿದು ಇಸಿದುಕೊಂಡ.

ಮುಂದಿನ ಚಾಪೆಯಲ್ಲಿ ಕುಳಿತ ನೀಲವ್ವನ ಕಣ್ಣು ನಾಟಕದ ಮೇಲಿರಲಿಲ್ಲ, ರಾಣಿಯ ಸೊಂಟದ ಮೇಲಿತ್ತು. ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಡಾಬು ಅತಿಯಾಗಿಯೇ ಹೊಳೆಯುತ್ತಿತ್ತು. ರಾಣಿ ಮೂರ್ಛೆ ಬಿದ್ದಾಗ ಅದರ ಬಿಲ್ಲೆಯೊಂದು ಸಿಡಿದು ಚಾಪೆಗೆ ಬಂತು. ಎತ್ತಿ ನೋಡಿದರೆ ಬೇಗಡೆ ಕಾಗದ ಅಂಟಿಸಿದ ರಟ್ಟು! “ನಮ್ಮವ್ವನ ಬಂಗಾರ ನುಂಗ್ಯಾರ! ಅದಕ್ಕ ಗ್ವಾಡಿ ಕಟ್ಟ್ಯಾರ!” ಎಂದು ಎದ್ದು ನಿಂತಳು.

“ಒಂದ್ ಮಾತು ಕೇಳ್ರಿ ತಾಯಿ,” ಎಂದು ರಾಣಿಯ ವೇಷದ ಚಿದಂಬರ ಗಂಡುದನಿಯಲ್ಲಿ ಬೇಡಿದ.

“ರಾಣಿ ಆಗಿ ಕದ್ದಿ, ಈಗ ಗಂಡಸಾಗಿ ಬೇಡ್ತಿಯೇನಲೇ?” ಎಂದು ಯಾರೋ ಕುಟುಕಿದರು. ಜನ ತಗಡು ಕಿತ್ತರು, ಪರದೆ ಹರಿದರು. ಬಡಿಗೆಯ ಏಟಿಗೆ ಚಿದಂಬರನ ಮೊಣಕಾಲು ಮುರಿಯಿತು.

ಹರಿದ ಪರದೆಯ ಹಿಂದೆ ಕಂಪನಿಯವರು ದಿನವೂ ಪೂಜಿಸಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ಗಣಪತಿ ಇತ್ತು. ಅದರ ಪಾದದಲ್ಲಿ, ಕುಂಕುಮ ಏರಿಸಿದ ನೀಲವ್ವನ ಡಾಬು. ಪರರ ಬಂಗಾರ ರಂಗದ ಮೇಲೆ ಏರಬಾರದೆಂಬುದು ಕಂಪನಿಯ ಕಟ್ಟಳೆಯಾಗಿತ್ತು.

ಬಂದವರು ಇಂದಿಗೂ ನೋಡುವುದು ಆ ಗಣಪತಿಯನ್ನೇ. ವೆಂಕೋಬರಾಯ ಅದನ್ನು ಇಲ್ಲಿಯೇ ಬಿಟ್ಟು ಹೋದ. ಅವನ ಕಂಪನಿ ಅಲ್ಲಿಗೆ ಮುಗಿಯಿತು. ಚಿದಂಬರ ಮತ್ತೆ ರಂಗ ಏರಲಿಲ್ಲ. ದಿಬ್ಬಕ್ಕೆ ಕಂಪನಿಯ ಹೆಸರು ಉಳಿಯಿತು, ಕಂಪನಿಗಳು ಮಾತ್ರ ಮತ್ತೆ ಈ ಊರಿಗೆ ಬರಲಿಲ್ಲ. ಡಾಬು ನೀಲವ್ವನ ಮನೆಯಲ್ಲಿ ಭದ್ರವಾಗಿಯೇ ಇತ್ತು. ಬಯಲಾಟದವರೂ ಅದನ್ನು ಮತ್ತೆಂದೂ ಕೇಳಲಿಲ್ಲ.